ಕ್ಯಾಂಪಿನಲ್ಲಿ ಕಂಡ ಮೊಣಕಾಲು

ಪುಣೆಯಲ್ಲಿ ಹತ್ತಿರದ ಬಾಡಿಗೆ ಎಂದರೆ ಆಟೋದವರು ಮುಖ ತಿರುಗಿಸುತ್ತಾರೆ. ಸರಿ, ಸ್ಟೇಷನ್ನಿನಿಂದ ಕ್ಯಾಂಪಿಗೆ ಕಾಲ್ನಡಿಗೆ. ಡೇವಿಡ್ ಸಸೂನ್ ಕೊಟ್ಟ ಹಣದಿಂದ 1867ರಲ್ಲಿ ತೆರೆದ ಸಸೂನ್ ಆಸ್ಪತ್ರೆ ಹಿಂದೆ ಉಳಿಯಿತು. ಅದೇ ಪುಣ್ಯಾತ್ಮ ಕಟ್ಟಿಸಲು ಹಿಡಿದ ಸಿನಗಾಗಿನ, ಅಂದರೆ ಯಹೂದಿ ಪ್ರಾರ್ಥನಾಲಯದ, ಕೆಂಪು ಗೋಪುರ ಈಗ ಎದುರಿಗಿದೆ. ಊರವರಿಗೆ ಅದು ‘ಲಾಲ್ ದೇವೂಳ್’.

ಮುಂದಿನ ಬೀದಿಯ ಸರ್ಜಿಕಲ್ ಅಂಗಡಿಯಲ್ಲಿ ಮೊಣಕಾಲಿನ ದೊಡ್ಡ ಚಿತ್ರಪಟ ತೂಗುತ್ತಿದೆ. ಕಾಲು ತಾವಾಗಿಯೇ ನಿಂತವು. ‘ಬಘಾ, ಬಘಾ’ ಎಂದು ಅಂಗಡಿಯ ಕಾಕಾ ಸ್ಟೂಲು ಸರಿಸುತ್ತಾರೆ. ಧಾರವಾಡದಲ್ಲಿ ನಾವು ಮೊಣಕಾಲ ಚಿಪ್ಪು ಅನ್ನುವುದು ಲ್ಯಾಟಿನ್ನಿನಲ್ಲಿ ಪಟೆಲ್ಲಾ, ಪುಟ್ಟ ತಟ್ಟೆ. ಕೆಳಗಿನ ದಪ್ಪ ಎಲುಬು ಟಿಬಿಯಾ, ಊದುವ ಕೊಳಲು. ಪಕ್ಕದ ತೆಳ್ಳನೆಯದು ಫಿಬುಲಾ, ರೋಮನ್ನರು ಮೇಲುಹೊದಿಕೆಗೆ ಚುಚ್ಚುತ್ತಿದ್ದ ಪಿನ್ನು. ಕೀಲಿನೊಳಗಿನ ಮೆತ್ತೆ ಮೆನಿಸ್ಕಸ್, ಗ್ರೀಕರ ಎಳೆಚಂದ್ರ. ಮೂರು ಸ್ನಾಯುರಜ್ಜುಗಳು ಬಂದು ಅಂಟುವ ಒಳಬದಿಯಂತೂ ಹೆಬ್ಬಾತಿನ ಪಾದ! ಒಂದು ಕೀಲಿನೊಳಗೆ ಇಡೀ ಮನೆ, ಹಿತ್ತಲು, ಆಕಾಶ.

ಆ ಮೂರರಲ್ಲೊಂದು ಸಾರ್ಟೋರಿಯಸ್ ಸ್ನಾಯುವಿನದು. ಸಾರ್ಟರ್ ಎಂದರೆ ದರ್ಜಿ. ಸೊಂಟದಿಂದ ಓರೆಯಾಗಿ ಇಳಿಯುವ ಇದು ದೇಹದ ಅತಿ ಉದ್ದದ ಸ್ನಾಯು. ಎರಡು ಹೆಜ್ಜೆ ಹೋದರೆ ಗಲ್ಲಿಯ ಮೂಲೆಯಲ್ಲಿ ರಫೂಗಾರನೊಬ್ಬ ಚಕ್ಕಂಬಕ್ಕಳ ಹಾಕಿ ಹರಿದ ಕೋಟಿಗೆ ಎಳೆ ಕೂಡಿಸುತ್ತಿದ್ದಾನೆ. ಹೆಸರಿಟ್ಟವನು ಕಂಡದ್ದು ಇದೇ ಭಂಗಿ ಇರಬೇಕು. ನನಗೆ ರೋಮಾಂಚನ.

ಗೋಳೀಬಾರ್ ಮೈದಾನ ದಾಟಿ ವಾನವಡಿಯತ್ತ ಹೊರಳಿದರೆ ಊರಿನ ಗದ್ದಲ ಕರಗಿ ಸೈನ್ಯದ ಶಿಸ್ತು, ಮರಗಳ ನೆರಳು. 1948ರಲ್ಲಿ ಆರಂಭವಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಈ ಕಡೆಗೇ. ಕೃತಕ ಅಂಗ ಕೇಂದ್ರವೂ ಇಲ್ಲೇ. ಹೊರಗಿನವರು ಹಾಗೇ ಒಳಹೊಕ್ಕು ಅಡ್ಡಾಡುವಂತಿಲ್ಲ. ಚಹಾದಂಗಡಿಯ ಬೆಂಚೇ ಗತಿ. ಅಲ್ಲಿ ಬೆಳಗಾವಿ ಕಡೆಯ ಮಾಜಿ ಹವಾಲ್ದಾರರೊಬ್ಬರು ನನ್ನ ಕನ್ನಡ ಕೇಳಿ ಮುಖವರಳಿಸಿದರು.

‘ನಂದು ಬಿಕೆ ರೀ. ಮೊಣಕಾಲು ಉಳದೈತಿ, ದೇವ್ರು ದೊಡ್ಡಾಂವ. ಎಕೆ ಆದವ್ರ ತ್ರಾಸ ಬ್ಯಾರೇನ ಐತಿ.’

ಮೊಣಕಾಲ ಕೆಳಗೆ ಕತ್ತರಿಸಿದ್ದರೆ ಬಿಕೆ, ಮೇಲಾದರೆ ಎಕೆ. ಸ್ವಂತ ಕೀಲು ಉಳಿದವರಿಗೆ ಏಳಲು, ಮೆಟ್ಟಿಲು ಹತ್ತಲು ತೊಡೆಯ ಬಲವೇ ಒದಗುತ್ತದೆ. ಹೋದವರಿಗೆ ಕೀಲನ್ನೂ ಜೋಡಿಸಬೇಕು. ಪ್ರತಿ ಹೆಜ್ಜೆಗೂ ಹೆಚ್ಚು ದಣಿವು. ಚಹಾ ಮುಗಿಸಿ ಅವರು ಸಲೀಸಾಗಿ ಎದ್ದು, ‘ಬರ್ತೀನ್ರೀ ಸರ’ ಎಂದು ರಸ್ತೆ ದಾಟಿದರು. ಲ್ಯಾಟಿನ್ನಿನ ಎಲ್ಲ ಹೆಸರುಗಳಿಗಿಂತ ಆ ಎರಡಕ್ಷರವೇ ನನಗೆ ಮೊಣಕಾಲಿನ ಬೆಲೆ ತಿಳಿಸಿತು.

ಕೇಂದ್ರ ಶುರುವಾದದ್ದು 1944ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಗಾಯಗೊಂಡ ಸೈನಿಕರಿಗಾಗಿ. ಇಲ್ಲಿ ನಾಗರಿಕರಿಗೂ ಹಣ ತೆತ್ತರೆ ಕೃತಕ ಕಾಲು ಮಾಡಿಕೊಡುತ್ತಾರೆ. ನಿಮ್ಮೂರಿನಲ್ಲಿ ಯಾರಿಗಾದರೂ ಅದರ ಅಗತ್ಯವಿದ್ದರೆ ಈ ಸುದ್ದಿ ಮುಟ್ಟಿಸಿ.