ನೋಟೀಸಿನಲ್ಲಿ ಯಾರ ಹೆಸರು ದೊಡ್ಡದು?

ಕಳೆದ ತಿಂಗಳು ಒಂದು ಸಂಜೆ ಶಾಲೆಯಿಂದ ಬಂದ ಮೊಮ್ಮಗಳು ಪುಸ್ತಕದ ಚೀಲವನ್ನು ಕುರ್ಚಿಯ ಮೇಲೆ ಎಸೆದಳು. ಗಿಟಾರನ್ನು ಮಾತ್ರ ಮೆಲ್ಲಗೆ ಗೋಡೆಗೆ ಒರಗಿಸಿ, "ಅಜ್ಜ, ಇನ್ನು ನಾನು ಒಬ್ಬಳೇ ಹಾಡುವುದು" ಎಂದಳು.

ಎಂಟನೇ ಕ್ಲಾಸಿನ ಹುಡುಗಿ. ಶಾಲೆಯ ವಾರ್ಷಿಕೋತ್ಸವಕ್ಕೆಂದು ನಾಲ್ವರು ಸೇರಿ ಒಂದು ಬ್ಯಾಂಡ್ ಕಟ್ಟಿದ್ದರು. ಇವಳದ್ದು ಗಿಟಾರ್ ಮತ್ತು ಹಾಡು, ಒಬ್ಬಳದ್ದು ಕೀಬೋರ್ಡ್, ಇನ್ನೊಬ್ಬಳು ದನಿ ಸೇರಿಸುವವಳು, ಒಬ್ಬ ಹುಡುಗನದ್ದು ಡ್ರಮ್. ಎರಡು ತಿಂಗಳಿಂದ ಬಲ್ಮಠದ ನಮ್ಮ ಮನೆಯ ಜಗಲಿಯಲ್ಲೇ ಅವರ ಅಭ್ಯಾಸ. ಡ್ರಮ್ ಹೊತ್ತು ತರಲಾಗದೆ ಆ ಹುಡುಗ ನಮ್ಮ ಬಚ್ಚಲಿನ ಬಕೆಟನ್ನೇ ಕವುಚಿ ಹಾಕಿ ಬಡಿಯುತ್ತಿದ್ದ. ಅಜ್ಜಿಯ ಗೋಳಿಬಜೆ ಮುಗಿಯುವ ತನಕ ಅಭ್ಯಾಸ ನಡೆಯುತ್ತಿತ್ತು.

"ಎಂತ ಆಯ್ತು?" ಎಂದು ಕೇಳಿದೆ.

"ಬ್ಯಾಂಡಿಗೆ ಹೆಸರು ಇಟ್ಟದ್ದು ನಾನು. ಹಾಡು ಆರಿಸಿದ್ದು ನಾನು. ಈಗ ಅವರು ಮೂವರೂ ಸೇರಿ ಅದೇ ಹೆಸರಿನಲ್ಲಿ ಬೇರೆ ಹಾಡು ಹಾಡ್ತಾರಂತೆ. ಹೆಸರು ನನ್ನದಲ್ವಾ ಅಜ್ಜ?"

ನಾನು ಕೂಡಲೇ ಉತ್ತರ ಕೊಡಲಿಲ್ಲ. ಇದೇ ಪ್ರಶ್ನೆ ಹಿಡಿದು ಇಂಗ್ಲೆಂಡಿನ ಒಬ್ಬ ಹಾಡುಗಾರರು ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಅವರು ಹಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೂ ಮೊದಲು, ಇದೇ ಬಲ್ಮಠದಲ್ಲಿ, ಇದೇ ಪ್ರಶ್ನೆಯನ್ನು ನಾನೂ ಕೇಳಿದ್ದೆ.

"ಕೂತುಕೋ. ನಿನಗೆ ರೋಜರ್ ವಾಟರ್ಸ್ ಅವರ ಕತೆ ಹೇಳ್ತೇನೆ" ಎಂದೆ.

ಅದು 2002ರ ಏಪ್ರಿಲ್. ನನ್ನ ಮಗ, ಎಂದರೆ ಇವಳ ಅಪ್ಪ, ಆಗ ಬೆಂಗಳೂರಿನಲ್ಲಿ ಹೊಸತಾಗಿ ಕೆಲಸಕ್ಕೆ ಸೇರಿದ್ದ. ಒಂದು ದಿನ ಫೋನ್ ಮಾಡಿ, "ಅಪ್ಪ, ಅರಮನೆ ಮೈದಾನಕ್ಕೆ ರೋಜರ್ ವಾಟರ್ಸ್ ಬರ್ತಿದ್ದಾರೆ. ಎರಡು ಟಿಕೆಟ್ ತೆಗೆದಿದ್ದೇನೆ, ಬನ್ನಿ" ಎಂದ. ನಾನು ರಫಿ, ಪಿ.ಬಿ. ಶ್ರೀನಿವಾಸ್ ಕೇಳಿ ಬೆಳೆದವನು. ಪಿಂಕ್ ಫ್ಲಾಯ್ಡ್ ಎಂದರೆ ಅವನು ಕಾಲೇಜಿಗೆ ಹೋಗುವಾಗ ಪಕ್ಕದ ಕೋಣೆಯಿಂದ ಗೋಡೆ ದಾಟಿ ಬರುತ್ತಿದ್ದ ಸದ್ದು, ಅಷ್ಟೇ. ಆದರೂ ಮಗ ಕರೆದನಲ್ಲ ಎಂದು ಬ್ಯಾಂಕಿಗೆ ಎರಡು ದಿನ ರಜೆ ಹಾಕಿ ಹೊರಟೆ. ಹಳಿ ಬದಲಿಸುವ ಕೆಲಸದಿಂದಾಗಿ ಆಗ ಮಂಗಳೂರಿನಿಂದ ಘಟ್ಟ ಹತ್ತಿ ಹೋಗುವ ರೈಲು ಇರಲಿಲ್ಲ. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿಯ ತಿರುವುಗಳನ್ನು ಎಣಿಸುತ್ತಾ ಬೆಂಗಳೂರು ಮುಟ್ಟಿದೆ.

ಮೈದಾನದ ತುಂಬ ಜನ. ಹೆಚ್ಚಿನವರು ನನ್ನ ಮಗನ ಪ್ರಾಯದವರು. ವೇದಿಕೆಗೆ ಬಂದವರು ಮಾತ್ರ ನನಗಿಂತಲೂ ಹಿರಿಯರು, ಆಗ ಅವರಿಗೆ 58 ವರ್ಷ. ಉದ್ದ ಮುಖದ, ತೆಳ್ಳಗಿನ ಮನುಷ್ಯ. ಹೆಗಲಿಗೆ ಬೇಸ್ ಗಿಟಾರ್. ಅದು ತಗ್ಗಿನ ಸ್ವರದಲ್ಲಿ ಹಾಡಿಗೆ ಅಡಿಪಾಯ ಹಾಕುವ ವಾದ್ಯ. ಹಾಡು ಶುರುವಾದಾಗ ನೆಲ ನಡುಗಿದ್ದು ನನ್ನ ಚಪ್ಪಲಿಯ ಒಳಗೆ ಗೊತ್ತಾಯಿತು.

ಮಗ ಕಿವಿಯ ಹತ್ತಿರ ಬಾಯಿ ತಂದು ಒಂದೊಂದೇ ವಿಷಯ ಹೇಳುತ್ತಿದ್ದ. ವಾಟರ್ಸ್ ಹುಟ್ಟಿದ್ದು 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ. ಅಪ್ಪ ಇಟಲಿಯ ಆಂಜಿಯೋದ ಕಾಳಗದಲ್ಲಿ ತೀರಿಹೋದಾಗ ಮಗುವಿಗೆ ಐದು ತಿಂಗಳು. ಬೆಳೆಸಿದ್ದು ಟೀಚರಾಗಿದ್ದ ಅಮ್ಮ. ವಾಸ್ತುಶಿಲ್ಪ ಕಲಿಯಲು ಲಂಡನ್ನಿಗೆ ಹೋದವರು ಅಲ್ಲಿ ನಿಕ್ ಮೇಸನ್, ರಿಚರ್ಡ್ ರೈಟ್ ಎಂಬ ಸಹಪಾಠಿಗಳ ಜೊತೆಗೂ ಸಿಡ್ ಬ್ಯಾರೆಟ್ ಎಂಬ ಊರಿನ ಗೆಳೆಯನ ಜೊತೆಗೂ ಸೇರಿ 1965ರಲ್ಲಿ ಪಿಂಕ್ ಫ್ಲಾಯ್ಡ್ ಕಟ್ಟಿದರು. ಮನಸ್ಸಿನ ಆರೋಗ್ಯ ಕೆಟ್ಟು ಸಿಡ್ 1968ರಲ್ಲಿ ತಂಡದಿಂದ ಹೊರಗುಳಿದರು. ಅವರ ಜಾಗಕ್ಕೆ ಗಿಟಾರ್ ಹಿಡಿದು ಬಂದವರು ಡೇವಿಡ್ ಗಿಲ್ಮೋರ್.

"1979ರಲ್ಲಿ ಅವರು 'ದಿ ವಾಲ್' ಅಂತ ಒಂದು ಆಲ್ಬಮ್ ತಂದ್ರು ಅಪ್ಪ. ಅಪ್ಪನಿಲ್ಲದ ಹುಡುಗ ದೊಡ್ಡ ಹಾಡುಗಾರ ಆಗ್ತಾನೆ. ಮನಸ್ಸಿಗೆ ನೋವಾದಾಗೆಲ್ಲ ತನ್ನ ಸುತ್ತ ಒಂದು ಇಟ್ಟಿಗೆ ಇಡ್ತಾ ಹೋಗ್ತಾನೆ. ಕೊನೆಗೆ ಗೋಡೆಯ ಒಳಗೆ ಅವನೊಬ್ಬನೇ."

ನಮ್ಮ ಊರಲ್ಲಾದರೆ ಅದು ಕೆಂಪುಕಲ್ಲಿನ ಗೋಡೆ ಎಂದುಕೊಂಡು ನಕ್ಕೆ. ಆಮೇಲೆ ನಗು ಬರಲಿಲ್ಲ.

1985ರಲ್ಲಿ ವಾಟರ್ಸ್ ತಂಡ ಬಿಟ್ಟರು. ನಾನಿಲ್ಲದೆ ತಂಡ ಎಲ್ಲಿಯದು, ಆ ಹೆಸರನ್ನು ಇನ್ನು ಯಾರೂ ಬಳಸಕೂಡದು ಎಂಬುದು ಅವರ ವಾದ. ಉಳಿದವರು ಒಪ್ಪಲಿಲ್ಲ. ಅದೇ ಹೆಸರಿನಲ್ಲಿ ಅವರು ದೊಡ್ಡ ದೊಡ್ಡ ಕ್ರೀಡಾಂಗಣ ತುಂಬಿಸುವಾಗ, ಒಬ್ಬರೇ ಹೊರಟ ವಾಟರ್ಸ್ ಅವರಿಗೆ ಸಣ್ಣ ಸಭಾಂಗಣ ತುಂಬಿಸುವುದೂ ಕಷ್ಟವಾಯಿತು. ಹಾಡು ಬರೆದವರು ಯಾರು ಎಂದು ನೋಡಿ ಜನ ಟಿಕೆಟ್ ತೆಗೆಯುವುದಿಲ್ಲ, ಹೆಸರು ನೋಡಿ ತೆಗೆಯುತ್ತಾರೆ. ಆಮೇಲೆ ಸುಮಾರು ಹನ್ನೆರಡು ವರ್ಷ ಅವರು ಊರೂರು ತಿರುಗಿ ಹಾಡಲೇ ಇಲ್ಲ. ಮತ್ತೆ ಹೊರಟದ್ದು 1999ರಲ್ಲಿ. ಆ ತಿರುಗಾಟವೇ ಮೂರು ವರ್ಷದ ಬಳಿಕ ಬೆಂಗಳೂರಿಗೂ ಬಂದಿತ್ತು.

ಅಂದು ನನಗೆ ಕಂಡ ಒಂದು ಸಂಗತಿ ಇದು. ಹಿಂದೆ ಗೆಳೆಯ ಗಿಲ್ಮೋರ್ ಹಾಡುತ್ತಿದ್ದ ಹಲವು ಸಾಲುಗಳನ್ನು ವಾಟರ್ಸ್ ತಾವು ಹಾಡದೆ ಬೇರೆಯವರಿಗೆ ಬಿಡುತ್ತಿದ್ದರು. ಗಿಲ್ಮೋರ್ ನುಡಿಸುತ್ತಿದ್ದ ಗಿಟಾರಿನ ಭಾಗವನ್ನೂ ಬೇರೆಯವರೇ ನುಡಿಸಿದರು. ಪೋಸ್ಟರಿನಲ್ಲಿ ಒಬ್ಬರದೇ ಹೆಸರು, ನಿಜ. ಆದರೆ ಬಿಟ್ಟು ಬಂದ ಗೆಳೆಯರ ಜಾಗ ವೇದಿಕೆಯಲ್ಲಿ ಹಾಗೆಯೇ ಇತ್ತು. ಅದನ್ನು ದಿನಾ ಯಾರಾದರೂ ತುಂಬಬೇಕಿತ್ತು.

'ದಿ ವಾಲ್'ನ ಒಂದು ಹಾಡಿನಲ್ಲಿ ಲಂಡನ್ನಿನ ಒಂದು ಶಾಲೆಯ ಮಕ್ಕಳು ಒಟ್ಟಾಗಿ ಹಾಡುವ ಭಾಗ ಉಂಟು. ಆ ಹಾಡು ಬಂದಾಗ ಮೈದಾನಕ್ಕೆ ಮೈದಾನವೇ ಶಾಲೆಯ ಮಕ್ಕಳಾಗಿ ಕೂಗಿ ಹಾಡಿತು. ನನ್ನ ಮಗನೂ ಹಾಡಿದ. ಅವನಿಗೆ ಅಷ್ಟು ಗಟ್ಟಿ ದನಿ ಉಂಟೆಂದು ನನಗೆ ಅಂದೇ ಗೊತ್ತಾದದ್ದು.

ಆಮೇಲೆ ಸಿಡ್‌ಗಾಗಿ ಬರೆದ ಹಾಡು ಬಂತು. 1975ರಲ್ಲಿ ಆ ಹಾಡನ್ನು ಸಿದ್ಧಪಡಿಸುತ್ತಿದ್ದಾಗ, ದಪ್ಪಗಿನ, ತಲೆ ಮತ್ತು ಹುಬ್ಬು ಬೋಳಿಸಿಕೊಂಡ ಒಬ್ಬ ಮನುಷ್ಯ ಸ್ಟುಡಿಯೋದ ಒಳಗೆ ಬಂದು ಸುಮ್ಮನೆ ನಿಂತರಂತೆ. ಯಾರಿಗೂ ಗುರುತು ಸಿಗಲಿಲ್ಲ. ಬಂದಿದ್ದವರು ಸಿಡ್! ಯಾರ ನೆನಪಿಗೆ ಹಾಡು ಕಟ್ಟುತ್ತಿದ್ದರೋ ಅವರೇ ಎದುರು ಬಂದಾಗ ಗೆಳೆಯರಿಗೆ ಗುರುತಾಗಲಿಲ್ಲ. ತಿಳಿದ ಮೇಲೆ ವಾಟರ್ಸ್ ಅತ್ತುಬಿಟ್ಟರಂತೆ.

ಮಗ ಇದನ್ನು ಹೇಳುವಾಗ ನನಗೆ ಕಂಕನಾಡಿಯ ಒಂದು ಮನೆಯ ಗೇಟು ನೆನಪಾಯಿತು.

"ಯಾರ ಮನೆ ಅಜ್ಜ?" ಎಂದಳು ಮೊಮ್ಮಗಳು.

"ಹಾರ್ಮೋನಿಯಂ ಅಜ್ಜಂದು."

ಅವಳು ಕಣ್ಣು ಅಗಲ ಮಾಡಿದಳು. ಹಾರ್ಮೋನಿಯಂ ಅಜ್ಜ ಅವಳಿಗೆ ಚೆನ್ನಾಗಿ ಗೊತ್ತು. ಭಾನುವಾರ ಸಂಜೆ ನಮ್ಮ ಜಗಲಿಯಲ್ಲಿ ಕೂತು, ನನ್ನ ಶ್ರುತಿ ತಪ್ಪಿದರೆ ತೊಡೆಗೆ ಒಂದು ಬಿಗಿಯುತ್ತಿದ್ದ ಅಜ್ಜ. ಅವರು ತೀರಿಕೊಂಡು ಮೂರು ವರ್ಷವಾಯಿತು. ಅವರ ಮನೆಯವರು ಕೊಟ್ಟ ಹಾರ್ಮೋನಿಯಂ ಈಗಲೂ ಜಗಲಿಯ ಮೂಲೆಯಲ್ಲಿದೆ.

"ನೀವಿಬ್ಬರೂ ಜಗಳ ಆಡಿದ್ರಾ?"

"ಇಪ್ಪತ್ತೆಂಟು ವರ್ಷ."

ಇಷ್ಟು ವರ್ಷ ಮನೆಯಲ್ಲಿ ಹೇಳದೆ ಉಳಿಸಿಕೊಂಡದ್ದನ್ನು ಅವಳಿಗೆ ಹೇಳಿದೆ. 1970ರ ದಶಕದಲ್ಲಿ ನಾವು ಐದು ಮಂದಿ ಸೇರಿ ಒಂದು ಸಣ್ಣ ಆರ್ಕೆಸ್ಟ್ರಾ ಪಾರ್ಟಿ ಮಾಡಿದ್ದೆವು. ಮದುವೆ, ಗಣೇಶೋತ್ಸವ ಎಂದು ಕರೆದಲ್ಲಿಗೆ ಹೋಗಿ ಸಿನಿಮಾ ಹಾಡು ಹಾಡುವುದು. ಹಾಡುವವನು ನಾನು, ಉಳಿದದ್ದೆಲ್ಲ ಅವನು. ಸ್ವರ ಕೂಡಿಸುವುದು, ತಬಲದವನನ್ನು ಹುಡುಕುವುದು, ಬಸ್ಸಿನ ಮೇಲೆ ಪೆಟ್ಟಿಗೆ ಏರಿಸುವುದು, ಎಲ್ಲ. 1977ರ ಗಣೇಶೋತ್ಸವಕ್ಕೆ ನೋಟೀಸು ಅಚ್ಚಾಯಿತು. ಅದರಲ್ಲಿ ನನ್ನ ಹೆಸರು ಹೆಬ್ಬೆರಳಿನಷ್ಟು ದಪ್ಪಕ್ಕೆ, ಅದರ ಕೆಳಗೆ 'ಮತ್ತು ಸಂಗಡಿಗರು' ಎಂದು ಇರುವೆಯಷ್ಟು ಸಣ್ಣದಾಗಿ. 1843ರಲ್ಲೇ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚು ಹಾಕಿದ್ದು ಬಾಸೆಲ್ ಮಿಷನ್ ಮುದ್ರಣಾಲಯ. ಇದೇ ಬಲ್ಮಠದಲ್ಲಿ ನಮ್ಮ ಗೆಳೆತನ ಮುರಿದದ್ದೂ ಅಚ್ಚಾದ ಒಂದು ಹಾಳೆಯಿಂದಲೇ.

"ಪ್ರೆಸ್ಸಿನವರು ತಪ್ಪು ಮಾಡಿದ್ದಾ?"

"ನಾನು ಎಲ್ಲರಿಗೂ ಹಾಗೆಯೇ ಹೇಳಿದ್ದೆ. ಆದರೆ ಪ್ರೆಸ್ಸಿಗೆ ಹೋಗಿ ಹಾಗೆ ಹಾಕಿ ಅಂದದ್ದು ನಾನೇ."

ಅವಳು ನನ್ನ ಮುಖ ನೋಡಿದಳು. ನಾನು ಹಾರ್ಮೋನಿಯಂ ನೋಡಿದೆ.

ಮಾತಿಗೆ ಮಾತು ಬೆಳೆದು ನಾನು ತಂಡ ಬಿಟ್ಟೆ. ಬೇರೆಯವರನ್ನು ಕರಕೊಂಡು ಎರಡು ವರ್ಷ ಹಾಡಿದೆ. ಆಮೇಲೆ ಕರೆಯುವವರೂ ಇಲ್ಲ, ನನಗೆ ಮನಸ್ಸೂ ಇಲ್ಲ. ಅವನ ಮನೆ ನಮ್ಮಿಂದ ಹದಿನೈದು ನಿಮಿಷದ ನಡಿಗೆ. ಮೀನು ತರಲು ಹೋಗುವಾಗಲೂ ಬೇರೆ ದಾರಿ ಹಿಡಿಯುತ್ತಿದ್ದೆ.

ಬೆಂಗಳೂರಿನಿಂದ ಬಂದ ಮೇಲೂ ನಾನು ಹೋಗಲಿಲ್ಲ. ಹಾಡು ಕೇಳಿದ ಕೂಡಲೇ ಮನುಷ್ಯ ಬದಲಾಗುವುದು ಸಿನಿಮಾದಲ್ಲಿ ಮಾತ್ರ. ಮತ್ತೂ ಮೂರು ವರ್ಷ ಹೋಯಿತು. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಬಡದೇಶಗಳ ನೆರವಿಗೆ ದನಿಯೆತ್ತಲು ನಡೆದ ಸಂಗೀತ ಕಾರ್ಯಕ್ರಮದಲ್ಲಿ, ವಾಟರ್ಸ್, ಗಿಲ್ಮೋರ್, ರೈಟ್, ಮೇಸನ್ ನಾಲ್ವರೂ 24 ವರ್ಷಗಳ ಬಳಿಕ ಒಂದೇ ವೇದಿಕೆ ಹತ್ತಿದರು. ಕೊನೆಗೆ ಹೆಗಲಿಗೆ ಹೆಗಲು ಸೇರಿಸಿ ನಿಂತರು. ಆ ಚಿತ್ರ ನೋಡಿದ ಮೇಲೆ ನನಗೆ ಮನೆಯಲ್ಲಿ ಕೂತಿರಲು ಆಗಲಿಲ್ಲ. ಜೋರು ಮಳೆ. ಕೊಡೆ ಹಿಡಿದು ಹೋಗಿ ಅವನ ಗೇಟು ತೆಗೆದೆ.

ಅವನು ಜಗಲಿಯಲ್ಲೇ ಇದ್ದ. ನೋಡಿದ. "ನೋಟೀಸು ತಂದಿದ್ದೀಯಾ?" ಎಂದ.

"ಅದು ನಾನೇ ಹಾಕಿಸಿದ್ದು ಮಾರಾಯ" ಎಂದೆ.

"ಗೊತ್ತುಂಟು. ಮೊಳೆ ಜೋಡಿಸುವವ ಅಂದೇ ಹೇಳಿದ್ದ."

"ಮತ್ತೆ ಎಂತಕ್ಕೆ ಕೇಳಲಿಲ್ಲ?"

"ನೀನೇ ಹೇಳ್ತಿ ಅಂತ ಕಾದೆ."

ಚಹಾ ಕುಡಿದಾದ ಮೇಲೆ ಅವನು ಹಾರ್ಮೋನಿಯಂ ತೆಗೆದ. ತಿದಿ ಸೋರುತ್ತಿತ್ತು, ನನ್ನ ದನಿ ಏರುತ್ತಿರಲಿಲ್ಲ. ಹಳೆಯ ಜಾಗದಲ್ಲೇ ನಾನು ಹಳೆಯ ತಪ್ಪನ್ನೇ ಮಾಡಿದೆ. ತೊಡೆಗೆ ಏಟು ಬಿತ್ತು.

"ಇಷ್ಟೇ ಕತೆ" ಎಂದೆ ಮೊಮ್ಮಗಳಿಗೆ. "ಸಿಡ್ 2006ರಲ್ಲಿ ತೀರಿಹೋದರು, ರೈಟ್ 2008ರಲ್ಲಿ. ಲಂಡನ್ನಿನ ಆ ನಾಲ್ವರು ಒಟ್ಟಾಗಿ ನುಡಿಸಿದ್ದು ಅದೇ ಕೊನೆ. ನಮಗಿಬ್ಬರಿಗೆ ಅವರಿಗಿಂತ ಹೆಚ್ಚು ಭಾನುವಾರ ಸಿಕ್ಕಿತು. ಆದರೆ ಇಪ್ಪತ್ತೆಂಟು ವರ್ಷದ ಭಾನುವಾರ ನಾನೇ ಕಳೆದೆ. ನೀನು ಒಬ್ಬಳೇ ಹಾಡುವುದರಲ್ಲಿ ತಪ್ಪಿಲ್ಲ ಮಗಾ. ವಾಟರ್ಸ್ ಅಂದು ಬಹಳ ಚಂದ ಹಾಡಿದರು. ಬೇಕಿದ್ದರೆ ಹಾಡು. ಆದರೆ ಬಕೆಟ್ ಬಡಿಯುವವನಿಲ್ಲದಿದ್ದರೆ ನಿನ್ನ ಹಾಡಿನಲ್ಲಿ ಆ ಜಾಗ ಖಾಲಿ ಇರ್ತದೆ. ಅದು ನಿನಗೆ ಕೇಳಿಸ್ತದೆ."

ಅವಳು ಸ್ವಲ್ಪ ಹೊತ್ತು ಗಿಟಾರಿನ ತಂತಿ ಎಳೆಯುತ್ತಾ ಕೂತಳು.

"ಅಜ್ಜ, ಕೋರ್ಟಿನ ಜಗಳದಲ್ಲಿ ಹೆಸರು ಯಾರಿಗೆ ಹೋಯ್ತು?"

"ಕೊನೆಗೆ ರಾಜಿಯಾಯಿತು. ಹೆಸರು ಉಳಿದವರಿಗೆ."

"ವಾಟರ್ಸ್‌ಗೆ?"

"'ದಿ ವಾಲ್'. ಮತ್ತೆ, ಕಾರ್ಯಕ್ರಮದಲ್ಲಿ ಗಾಳಿ ತುಂಬಿಸಿ ಹಾರಿಸುತ್ತಿದ್ದ ದೊಡ್ಡ ಹಂದಿಯ ಹಕ್ಕು."

"ಹಂದಿಯಾ?" ಎಂದು ಅವಳು ನಗಲು ಶುರು ಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನೀರು ನಗುವಿನದ್ದೋ ಬೇರೆಯದ್ದೋ ನಾನು ಕೇಳಲಿಲ್ಲ.

ಶನಿವಾರ ಸಂಜೆ ಅಡುಗೆಮನೆಯ ಬಾಗಿಲಲ್ಲಿ ಅವಳ ದನಿ ಕೇಳಿತು: "ಅಜ್ಜಿ, ಗೋಳಿಬಜೆಗೆ ಹಿಟ್ಟು ಉಂಟಾ? ನಾಲ್ಕು ಜನರಿಗೆ." ಆಮೇಲೆ ಬಚ್ಚಲಿಗೆ ಹೋಗಿ ಬಕೆಟ್ ತಂದು ಜಗಲಿಯಲ್ಲಿ ಕವುಚಿ ಇಟ್ಟಳು.