ಮೋಡಗಳ ಸಂತೆಯಲ್ಲಿ ಒಂದು ದಿನ

ಸಮ್ಮೇಳನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಒಂದೇ. ವೇದಿಕೆ, ಹಾರ ತುರಾಯಿ, ದೀಪ ಬೆಳಗುವುದು, ಮುಖ್ಯ ಅತಿಥಿಗಳ ಭಾಷಣ. ಕೊನೆಗೆ ಸಮಯದ ಅಭಾವದಿಂದ ಪ್ರಶ್ನೋತ್ತರ ರದ್ದು. ಇದಾವುದೂ ಇಲ್ಲದ ಸಮ್ಮೇಳನವೂ ಉಂಟು. ಅದರ ಹೆಸರು ‘ಅನ್‌ಕಾನ್ಫರೆನ್ಸ್’. ಕ್ಲೌಡ್ ಕಂಪ್ಯೂಟಿಂಗ್ ಕುರಿತ ಅಂಥದೊಂದು ಕೂಟ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಸೇರಿದಾಗ ಹೋಗಿ, ಕೇಳಿ, ನಾಲ್ಕು ಮಾತನ್ನೂ ಆಡಿ ಬಂದೆ.

ವೈಟ್‌ಫೀಲ್ಡಿಗೆ ಹೋಗುವುದು ಈಗ ಸುಲಭ. 2023ರ ಅಕ್ಟೋಬರಿನಿಂದ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಕಾಡುಗೋಡಿಯವರೆಗೂ ಇಳಿಯಬೇಕಿಲ್ಲ. ಇಂದಿನ ಗಾಜಿನ ಕಟ್ಟಡಗಳ ನಡುವೆ ನಿಂತರೆ ನಂಬುವುದು ಕಷ್ಟ, ಆದರೆ ಈ ಊರು ಹುಟ್ಟಿದ್ದು ಬೇಸಾಯಕ್ಕಾಗಿ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಸುಮಾರು 3,900 ಎಕರೆ ಭೂಮಿ ಕೊಟ್ಟರು. ಸಂಘದ ಸ್ಥಾಪಕ ಡಿ.ಎಸ್. ವೈಟ್ ಅವರ ಹೆಸರೇ ಊರಿಗೂ ಉಳಿಯಿತು.

ಕೂಟ ಸೇರಿದ್ದು ಒಂದು ಕಂಪನಿಯ ಊಟದ ಹಾಲ್‌ನಲ್ಲಿ. ಗೋಡೆಯ ಮೇಲೆ ದೊಡ್ಡ ಬಿಳಿ ಹಲಗೆ. ಅದರಲ್ಲಿ ವೇಳೆ ಮತ್ತು ಕೋಣೆಗಳ ಖಾಲಿ ಚೌಕಗಳು. ಮಾತನಾಡಬೇಕೆನ್ನುವವರು ಚೀಟಿಯಲ್ಲಿ ವಿಷಯ ಬರೆದು ಖಾಲಿ ಚೌಕಕ್ಕೆ ಅಂಟಿಸಬೇಕು. ಅರ್ಧ ಗಂಟೆಯಲ್ಲಿ ಇಡೀ ದಿನದ ಕಾರ್ಯಕ್ರಮ ಸಿದ್ಧ! ನಮ್ಮ ಸಂತೆಯ ಹಾಗೆ: ಬೆಳಿಗ್ಗೆ ಬಯಲು, ಹತ್ತು ಗಂಟೆಗೆ ಅಂಗಡಿ ಸಾಲು.

ಈ ಪದ್ಧತಿಯ ಮೂಲ ಅಮೆರಿಕದ ಹ್ಯಾರಿಸನ್ ಓವೆನ್. ಎಷ್ಟೇ ಶ್ರಮಪಟ್ಟು ಸಮ್ಮೇಳನ ಏರ್ಪಡಿಸಿದರೂ ಜನ ಮೆಚ್ಚುವುದು ಕಾಫಿ ವಿರಾಮದ ಹರಟೆಯನ್ನೇ ಎಂದು ಕಂಡುಕೊಂಡ ಅವರು, 1985ರಲ್ಲಿ ಆ ಹರಟೆಯನ್ನೇ ಸಭೆಯಾಗಿ ಮಾಡಿದರು. ಅವರ ‘ಎರಡು ಕಾಲಿನ ನಿಯಮ’ ಪ್ರಸಿದ್ಧ. ಕುಳಿತಲ್ಲಿ ನೀವು ಕಲಿಯುತ್ತಲೂ ಇಲ್ಲ, ಕಲಿಸುತ್ತಲೂ ಇಲ್ಲ ಎನಿಸಿದರೆ ಎದ್ದು ಬೇರೆ ಕೋಣೆಗೆ ನಡೆಯಿರಿ, ಯಾರೂ ಬೇಸರಿಸಬಾರದು. 2005ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಆರಂಭವಾದ ‘ಬಾರ್‌ಕ್ಯಾಂಪ್’ ಮರುವರ್ಷವೇ ಬೆಂಗಳೂರಿಗೂ ಬಂತು. ಕ್ಲೌಡ್‌ಗೆಂದೇ ಮೀಸಲಾದ ‘ಕ್ಲೌಡ್‌ಕ್ಯಾಂಪ್’ 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾಯಿತು.

ಕ್ಲೌಡ್ ಎಂದರೇನು? ಮೊದಲ ಕೋಣೆಯಲ್ಲಿದ್ದ ಯುವಕನೊಬ್ಬ ಚೆನ್ನಾಗಿ ಹೇಳಿದ: ‘ಮನೆಗೊಂದು ಜನರೇಟರ್ ಇಡದೆ ಕರೆಂಟಿಗೆ ಮೀಟರ್ ಪ್ರಕಾರ ದುಡ್ಡು ಕೊಡುತ್ತೇವಲ್ಲ, ಹಾಗೆ.’ ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಗಣಿಗೆ ಹರಿದದ್ದನ್ನು ಪಾಠ ಮಾಡುವ ನನಗೆ ಈ ಹೋಲಿಕೆ ಹಿಡಿಸಿತು. ಕಂಪ್ಯೂಟರಿನ ಶಕ್ತಿಯನ್ನೂ ಹೀಗೆ ಬಾಡಿಗೆಗೆ ಕೊಡುವ ಸೇವೆಯನ್ನು ಅಮೆಜಾನ್ 2006ರಲ್ಲಿ ತೆರೆಯಿತು. ಭಾರತದಲ್ಲಿ ಅದರ ಮೊದಲ ಕೇಂದ್ರ 2016ರಲ್ಲಿ ಮುಂಬೈಯಲ್ಲೂ ಎರಡನೆಯದು 2022ರಲ್ಲಿ ಹೈದರಾಬಾದಿನಲ್ಲೂ ಆರಂಭವಾದವು. ಬೆಂಗಳೂರಿನಲ್ಲಿ ಕುಳಿತು ದುಡಿಯುವವರ ಯಂತ್ರಗಳು ಬೇರೆ ಊರಿನಲ್ಲಿ ಬಿಸಿಯಾಗುತ್ತಿರುತ್ತವೆ!

ಈ ಬಿಸಿಯೇ ನನ್ನ ವಿಷಯ. ‘ಮೋಡಕ್ಕೆ ಎಷ್ಟು ನೀರು?’ ಎಂದು ಚೀಟಿ ಅಂಟಿಸಿದೆ. ಹದಿನೈದು ಮಂದಿ ಬಂದರು. ಹಲಗೆಯ ಮೇಲೆ ಲೆಕ್ಕ ಹಾಕಿದೆವು. ಒಂದು ಬೀರುವಿನಷ್ಟು ಕಂಪ್ಯೂಟರುಗಳು 10 ಕಿಲೋವ್ಯಾಟ್ ವಿದ್ಯುತ್ ಬಳಸಿದರೆ ದಿನಕ್ಕೆ 240 ಯೂನಿಟ್. ಹೆಚ್ಚುಕಡಿಮೆ ಅದಷ್ಟೂ ಶಾಖವಾಗುತ್ತದೆ. ಯೂನಿಟ್ಟಿಗೆ 36 ಲಕ್ಷ ಜೌಲ್, ಒಟ್ಟು 86.4 ಕೋಟಿ ಜೌಲ್. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೌಲ್ ಬೇಕು. ಶಾಖವನ್ನೆಲ್ಲ ನೀರಿನ ಆವಿಯಿಂದಲೇ ಕಳೆಯುವುದಾದರೆ ದಿನಕ್ಕೆ 360 ಲೀಟರ್! ಅಂಥ ಸಾವಿರ ಬೀರುಗಳಿದ್ದರೆ 3 ಲಕ್ಷ 60 ಸಾವಿರ ಲೀಟರ್.

‘ಸರ್, ಎಲ್ಲ ಕೇಂದ್ರಗಳೂ ನೀರು ಆವಿ ಮಾಡುವುದಿಲ್ಲ, ಗಾಳಿಯಿಂದ ತಂಪು ಮಾಡುವುದೂ ಉಂಟು’ ಎಂದಳು ಒಬ್ಬ ಎಂಜಿನಿಯರ್ ಹುಡುಗಿ. ನಿಜ. ಆದರೆ ಆಗ ವಿದ್ಯುತ್ ಹೆಚ್ಚು ಬೇಕಾಗುತ್ತದೆ ಎಂದು ಇನ್ನೊಬ್ಬ ಸೇರಿಸಿದ. ಇಬ್ಬರು ಎದ್ದು ಹೋದರು. ಎರಡು ಕಾಲಿನ ನಿಯಮ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕಾಲೇಜು ಹುಡುಗನೊಬ್ಬ ಕೇಳಿದ: ‘ಹಾಗಾದರೆ ಇಂಥ ಕೇಂದ್ರವನ್ನು ಯಾವ ಊರಿನಲ್ಲಿ ಕಟ್ಟಬೇಕು ಅಂತ ಯಾರು ತೀರ್ಮಾನಿಸಬೇಕು?’

ಕೋಣೆ ಒಂದು ಗಳಿಗೆ ಸುಮ್ಮನಾಯಿತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದವರು ಅಲ್ಲಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತೇನೋ ಹೌದು, ಆದರೆ ಆ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಎತ್ತಿ ತರಬೇಕು. ಮುಂದಿನ ಮುಕ್ಕಾಲು ಗಂಟೆ ನಾನು ಬರೀ ಕೇಳುಗ. ಕೊಳಚೆ ನೀರನ್ನು ಶುದ್ಧೀಕರಿಸಿ ಬಳಸುವುದು, ಬೇಡದ ಕಡತ ಅಳಿಸುವುದು, ಬಳಸಿದ ನೀರಿನ ಲೆಕ್ಕವನ್ನು ಕಂಪನಿಗಳು ಊರಿಗೆ ಹೇಳುವುದು, ಹೀಗೆ ಮಾತು ಬೆಳೆಯಿತು. ಉತ್ತರ ಪೂರ್ತಿ ಸಿಗಲಿಲ್ಲ. ಆದರೆ ಪ್ರಶ್ನೆ ಎಲ್ಲರದಾಯಿತು.

ಪೋಷಕರಿಗೆ ಒಂದು ಮಾತು. ಮಕ್ಕಳು ಕಂಪ್ಯೂಟರ್ ಓದಿದರೆ ಸಾಕು, ಭೌತಶಾಸ್ತ್ರ ಯಾಕೆ ಎನ್ನುವವರಿದ್ದಾರೆ. ಆ ದಿನ ಹಲಗೆಯ ಮೇಲಿದ್ದುದು ಪ್ರೌಢಶಾಲೆಯ ಗುಪ್ತೋಷ್ಣದ ಪಾಠವೇ.

ವಿದ್ಯಾರ್ಥಿಗಳೇ, ಇಂಥ ಕೂಟಕ್ಕೆ ವೈಟ್‌ಫೀಲ್ಡೇ ಆಗಬೇಕಿಲ್ಲ. ಒಂದು ಶನಿವಾರ ಕಪ್ಪು ಹಲಗೆಯ ಮೇಲೆ ನಾಲ್ಕು ಚೌಕ ಬರೆಯಿರಿ, ಚೀಟಿ ಹಂಚಿರಿ. ಕೊನೆಯ ಬೆಂಚಿನವನ ಚೀಟಿಯನ್ನು ಮೊದಲು ಅಂಟಿಸಿರಿ.