ಎರಡು ಸೇರು ಕಡಲೆಕಾಯಿ

ಕಾರ್ತಿಕದ ಕಡೆಯ ಸೋಮವಾರ. ದೊಡ್ಡಬಸವಣ್ಣನ ಪರಿಷೆಯ ಗದ್ದಲ ನಮ್ಮ ಬೀದಿಯವರೆಗೂ ಹರಿದಿತ್ತು. ಹಡ್ಸನ್ ಚರ್ಚಿನ ಕನ್ನಡ ಸಭೆಗೆ ಸೇರಿದ ನನ್ನ ಸಹೋದ್ಯೋಗಿ ಮನೆಗೆ ಬಂದಿದ್ದರು. ನನ್ನಾಕೆ ತಂದಿಟ್ಟ ಕಡಲೆಕಾಯಿಗೆ ಕೈ ಚಾಚಿದರು. "ಬಸವಣ್ಣನ ಪ್ರಸಾದ, ತಗೊಳ್ಳಿ" ಎಂದಳು. ಚಾಚಿದ ಕೈ ಹಿಂದೆ ಸರಿಯಿತು. "ಬೇಡಮ್ಮಾ, ಕ್ಷಮಿಸಿ."

ಹದಿನೈದು ವರ್ಷದ ಸ್ನೇಹದಲ್ಲಿ ನನಗೆ ಅವರ ಮೇಲೆ ಮುನಿಸು ಬಂದದ್ದು ಅಂದೇ. ಮಡಿಯೆಂಬುದು ನಮಗೊಬ್ಬರಿಗೇ ಅಂಟಿದ ಜಾಡ್ಯವೆಂದು ತಿಳಿದಿದ್ದೆ, ನೋಡಿ!

ಮರುದಿನ ಅವರೇ ಬೈಬಲ್ ತೆರೆದು, ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯನ್ನು ಮುಂದಿಟ್ಟರು. ಮದುವೆಯಾಗಬೇಕೆ, ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಬಹುದೆ ಎಂಬ ಆ ಸಭೆಯ ಪ್ರಶ್ನೆಗಳಿಗೆ ಕ್ರಿ.ಶ. 55ರ ಸುಮಾರಿನಲ್ಲಿ ಬರೆದ ಉತ್ತರ. ಅಂಗಡಿಯ ಮಾಂಸವನ್ನಾಗಲಿ, ಕರೆದವರ ಮನೆಯಲ್ಲಿ ಬಡಿಸಿದ್ದನ್ನಾಗಲಿ ವಿಚಾರಿಸದೆ ಉಣ್ಣಬಹುದು. 'ಇದು ಅರ್ಪಿತ' ಎಂದು ಯಾರಾದರೂ ಹೇಳಿದರೆ ಮಾತ್ರ, ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಬೇಕು. "ನಿಮ್ಮ ಮನೆಯವರು ಸುಮ್ಮನಿದ್ದಿದ್ದರೆ ತಟ್ಟೆ ಖಾಲಿಯಾಗುತ್ತಿತ್ತು" ಎಂದು ನಕ್ಕರು. ನನ್ನ ಮುನಿಸು ಅರ್ಧ ಇಳಿಯಿತು.

ಮನೆಗೆ ಬಂದು ಹೇಳಿದೆ. ನನ್ನಾಕೆ ಒಪ್ಪಲಿಲ್ಲ. "ಹೇಳದೆ ಕೊಟ್ಟರೆ ಮೋಸವಲ್ಲವೇ?" ಎಂದಳು. ಪೌಲನ ಪತ್ರಿಕೆಯಲ್ಲಿ ಅದಕ್ಕೆ ನನಗೆ ಉತ್ತರ ಸಿಗಲಿಲ್ಲ.

ಮರುವರ್ಷ ಪರಿಷೆಯಿಂದ ಎರಡು ಸೇರು ತಂದಳು. ಒಂದು ಸೇರು ಗುಡಿಯ ಹೊಸ್ತಿಲು ದಾಟಿರಲಿಲ್ಲ. ಅದನ್ನೇ ಅವರ ಮುಂದಿಟ್ಟು, "ಇದು ಬರಿ ಕಡಲೆಕಾಯಿ" ಎಂದಳು. ಸಂಜೆ ಸಿಪ್ಪೆ ಗುಡಿಸಿದವನು ನಾನು.